ಆಟದಲ್ಲಿ ಮನುಷ್ಯನ ಪಾತ್ರ ಯಾಕೆ ಬೇಕು?

ಪ್ರಶ್ನೆ: ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಂಥ ಪಾತ್ರ ವಹಿಸುವ ಆಟಗಳಲ್ಲಿ ಎಲ್ಫ್‌ಗೆ ಕತ್ತಲಲ್ಲೂ ಕಣ್ಣು ಕಾಣುತ್ತದೆ, ಡ್ವಾರ್ಫ್‌ಗೆ ವಿಷ ಸುಲಭವಾಗಿ ಏರುವುದಿಲ್ಲ. ಹೀಗಿರುವಾಗ ಬರೀ ಮನುಷ್ಯನ ಪಾತ್ರವನ್ನು ಯಾಕೆ ಆರಿಸಿಕೊಳ್ಳುತ್ತಾರೆ?
– ಓದುಗರೊಬ್ಬರು, ಮುಡಬಿ, ಬಸವಕಲ್ಯಾಣ ತಾಲ್ಲೂಕು

ಉತ್ತರ: ಮೊದಲ ಕಾರಣ ನಿಯಮದಲ್ಲೇ ಇದೆ. 1974ರಲ್ಲಿ ಹುಟ್ಟಿದ ಈ ಆಟದ 1978ರ ಕೈಪಿಡಿಯಲ್ಲಿ ಎಲ್ಫ್, ಡ್ವಾರ್ಫ್‌ನಂಥ ಇತರ ಕುಲದವರು ಬಹುತೇಕ ವೃತ್ತಿಗಳಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲಬೇಕಿತ್ತು. ಮನುಷ್ಯನಿಗೆ ಆ ಮಿತಿ ಇರಲಿಲ್ಲ. 2000ದ ಮೂರನೇ ಆವೃತ್ತಿ ಮಿತಿಯನ್ನು ತೆಗೆದು, ಮನುಷ್ಯನಿಗೆ ಒಂದು ಹೆಚ್ಚಿನ ಸಾಮರ್ಥ್ಯವನ್ನೂ ಹೆಚ್ಚಿನ ಕೌಶಲದ ಅಂಕಗಳನ್ನೂ ಕೊಟ್ಟಿತು. ಎಲ್ಫ್‌ನ ವರ ಹುಟ್ಟಿನಿಂದಲೇ ನಿಗದಿ. ಮನುಷ್ಯನದು ಆಟಗಾರನ ಆಯ್ಕೆ. ಜೋಳದ ರೊಟ್ಟಿ ಯಾವ ಪಲ್ಯಕ್ಕೂ ಹೊಂದುವಂತೆ, ಮನುಷ್ಯ ಯಾವ ವೃತ್ತಿಗೂ ಒಗ್ಗುತ್ತಾನೆ.

ಎರಡನೆಯದು ಕಥೆ: ವಿಶೇಷ ವರವಿಲ್ಲದ ಮನುಷ್ಯನ ಕಾಯಕ, ನಿಷ್ಠೆಗಳೇ ಕಥೆ ಹುಟ್ಟಿಸುತ್ತವೆ. ಇದಕ್ಕೆ ನಿಮ್ಮ ಕಲ್ಯಾಣಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? 12ನೇ ಶತಮಾನದ ಶರಣರಲ್ಲಿ ದೋಣಿ ನಡೆಸುವ ಚೌಡಯ್ಯ, ಬಟ್ಟೆ ಮಡಿ ಮಾಡುವ ಮಾಚಯ್ಯ, ಹಗ್ಗ ಹೊಸೆಯುವ ಚಂದಯ್ಯ ಇದ್ದರು. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ತಂದಲ್ಲೇ ಸುರಿದು ಬನ್ನಿ ಎಂದ ಲಕ್ಕಮ್ಮನ ಕಥೆ ಎಲ್ಲರಿಗೂ ಗೊತ್ತು. ಅಂಥವಳನ್ನು ಆಟಕ್ಕೆ ತನ್ನಿ: ತಂಡ ಹಸಿದಿದೆ, ಎದುರಿಗೆ ಬೇರೆಯವರ ಕಣಜ ತೆರೆದಿದೆ. ಅವಳೇನು ಮಾಡುತ್ತಾಳೆ? ಮೇಜಿನ ಸುತ್ತ ಕೂತ ಎಲ್ಲರೂ ಅವಳತ್ತಲೇ ತಿರುಗುತ್ತಾರೆ.

ಆದ್ದರಿಂದ ಮನುಷ್ಯನ ಪಾತ್ರ ಕಟ್ಟುವಾಗ ಮೂರನ್ನು ಬರೆದುಕೊಳ್ಳಿ: ಅವನ ಕಾಯಕ, ಅವನು ಬಿಟ್ಟಿರಲಾರದ ಒಬ್ಬರು, ಎಂದೂ ಮುರಿಯದ ಒಂದು ವ್ರತ.