ಪ್ಲೇಟು ಸೇರಿಸಿದರೆ ಪಿಕಪ್ ಗಟ್ಟಿಯಾದೀತೇ?

ಪ್ರಶ್ನೆ: ಕಡಲೆ ಚೀಲ ಹೇರಿದರೆ ನಮ್ಮ ಹಳೇ ಪಿಕಪ್‌ನ ಹಿಂಭಾಗ ಕುಸಿಯುತ್ತದೆ. ಕಡಿಮೆ ಖರ್ಚಿನಲ್ಲಿ ಸ್ಪ್ರಿಂಗ್ ಪ್ಲೇಟ್ ಬಲಪಡಿಸಬಹುದೇ?
— ಓದುಗರೊಬ್ಬರು, ನವಲಗುಂದ ತಾಲ್ಲೂಕು

ಉತ್ತರ: ಬಲಪಡಿಸಬಹುದು. ಆದರೆ ಮೊದಲು ಸೆಟ್ ಬಿಚ್ಚಿಸಿ ನೋಡಿ. ನಿಮ್ಮ ಎರೆನೆಲ ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು ರಸ್ತೆಯನ್ನೇ ಏರಿಳಿತ ಮಾಡುತ್ತದೆ. ಬುಷ್ ಸವೆಯುವುದು, ಸೆಂಟರ್ ಬೋಲ್ಟ್ ತುಂಡಾಗುವುದು, ಪ್ಲೇಟಿನ ನಡುವೆ ಸಣ್ಣ ಬಿರುಕು ಬೀಳುವುದು ಅಲ್ಲಿ ಸಹಜ. ಎಷ್ಟೋ ಗಾಡಿಗಳಿಗೆ ಇವನ್ನು ಬದಲಿಸಿ, ತುಕ್ಕು ಕೆರೆದು ಗ್ರೀಸ್ ಹಚ್ಚಿದರೇ ಸಾಕು.

ಆದರೂ ಕುಸಿದರೆ ಲೆಕ್ಕ ಹೀಗಿದೆ. ಒಂದೇ ಅಳತೆಯ ಐದು ಪ್ಲೇಟಿಗೆ ಆರನೆಯದು ಸೇರಿದರೆ ಬಿಗುವು ಸುಮಾರು ಶೇ 20 ಹೆಚ್ಚುತ್ತದೆ. ಐದನ್ನೂ 7 ಮಿ.ಮೀ. ಬದಲು 8 ಮಿ.ಮೀ. ದಪ್ಪದವು ಮಾಡಿದರೆ ಹೆಚ್ಚಳ ಶೇ 50ರ ಹತ್ತಿರ! ಬಿಗುವು ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ಆಗ ಖಾಲಿ ಗಾಡಿ ಎತ್ತಿ ಎತ್ತಿ ಒಗೆಯುತ್ತದೆ. ಹಾಗಾಗಿ ನನ್ನ ಆಯ್ಕೆ, ಭಾರ ಬಿದ್ದಾಗ ಮಾತ್ರ ತಾಗುವ ಹೆಲ್ಪರ್ ಪ್ಲೇಟ್. ಎರಡೂ ಬದಿಗೆ ಒಂದೇ ಅಳತೆಯದು ಹಾಕಿಸಿ.

ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಬಾಗಿಸಲು, ಬೆಸುಗೆ ಹಾಕಲು ಖಂಡಿತ ಬಿಡಬೇಡಿ. ಉಕ್ಕಿನ ಹದ ಕೆಟ್ಟು ನಡುದಾರಿಯಲ್ಲಿ ಮುರಿದೀತು. ಪ್ಲೇಟು ಹೆಚ್ಚಿದರೂ ಆಕ್ಸಲ್, ಬ್ರೇಕು, ಟೈರು ಹಳೆಯವೇ. ಆರ್‌ಸಿಯಲ್ಲಿ ಬರೆದ ತೂಕ ಮೀರಬೇಡಿ. ಯು-ಬೋಲ್ಟ್ ಹೊಸದನ್ನೇ ಹಾಕಿಸಿ, ನಾಲ್ಕಾರು ಲೋಡ್ ಹೊತ್ತ ಮೇಲೆ ಮತ್ತೊಮ್ಮೆ ಬಿಗಿ ಮಾಡಿಸಿ.