ಸೂಕ್ಷ್ಮ ಯಂತ್ರೋಪಕರಣಗಳ ರಫ್ತು: ಪ್ಯಾಕಿಂಗ್ ಮತ್ತು ಮರದ ಪೆಟ್ಟಿಗೆಗಳ ಕುರಿತು ಮಾಹಿತಿ

ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ಸಣ್ಣ ಮತ್ತು ಮಧ್ಯಮ ಘಟಕಗಳು ತಯಾರಿಸುವ ಗ್ರೈಂಡಿಂಗ್ ಯಂತ್ರ, ಅಳತೆ ಯಂತ್ರ, ಸ್ಪಿಂಡಲ್ ಮುಂತಾದವುಗಳಲ್ಲಿ ಮೈಕ್ರಾನ್ ಮಟ್ಟದ ನಿಖರತೆ ಇರುತ್ತದೆ. ಇಂತಹ ಯಂತ್ರವು ಕಾರ್ಖಾನೆಯಿಂದ ಲಾರಿಯಲ್ಲಿ ವೈಟ್‌ಫೀಲ್ಡ್‌ನ ಒಳನಾಡು ಕಂಟೇನರ್ ಡಿಪೋಗೆ, ಅಲ್ಲಿಂದ ರೈಲಿನಲ್ಲಿ ಚೆನ್ನೈ ಬಂದರಿಗೆ, ಬಳಿಕ ಹಡಗಿನಲ್ಲಿ ಹೊರದೇಶಕ್ಕೆ, ಅಲ್ಲಿಂದ ಮತ್ತೆ ಲಾರಿಯಲ್ಲಿ ಗ್ರಾಹಕರ ಬಾಗಿಲಿಗೆ ತಲುಪುತ್ತದೆ. ಪ್ರತಿ ಹಂತದಲ್ಲಿಯೂ ಕ್ರೇನ್ ಅಥವಾ ಫೋರ್ಕ್‌ಲಿಫ್ಟ್ ಅದನ್ನು ಎತ್ತಿ ಇಳಿಸುತ್ತದೆ. ರಫ್ತು ದಾಖಲೆಗಳನ್ನು ತಿಂಗಳ ಮುಂಚೆ ಸಿದ್ಧಪಡಿಸುವ ಘಟಕಗಳು ಪ್ಯಾಕಿಂಗ್ ಕೆಲಸವನ್ನು ಕೊನೆಯ ಎರಡು ದಿನಕ್ಕೆ ಬಿಡುವುದು ಸಾಮಾನ್ಯವಾಗಿದೆ. ಇದರಿಂದ ಆಗಬಹುದಾದ ನಷ್ಟವನ್ನು ತಪ್ಪಿಸಿಕೊಳ್ಳಲು ರಫ್ತುದಾರರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ವಿಮೆ ಮತ್ತು ಪ್ಯಾಕಿಂಗ್

ಸಾಗಣೆ ವಿಮೆ ಮಾಡಿಸಿರುವುದರಿಂದ ಯಾವ ಹಾನಿಗೂ ಪರಿಹಾರ ದೊರೆಯುತ್ತದೆ ಎಂಬ ಭಾವನೆ ಸರಿಯಲ್ಲ. ಸಾಮಾನ್ಯವಾಗಿ ಬಳಕೆಯಲ್ಲಿರುವ ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಜಸ್ ‘ಎ’ ಷರತ್ತುಗಳ 2009ರ ಆವೃತ್ತಿಯಲ್ಲಿ 4.3ನೇ ಷರತ್ತು ಇದೆ. ಪ್ರಯಾಣದ ಸಾಮಾನ್ಯ ಆಘಾತಗಳನ್ನು ತಡೆಯಲಾರದ ಪ್ಯಾಕಿಂಗ್‌ನಿಂದ ಉಂಟಾದ ಹಾನಿಯನ್ನು, ಆ ಪ್ಯಾಕಿಂಗ್ ಅನ್ನು ವಿಮೆದಾರರೇ ಅಥವಾ ಅವರ ನೌಕರರೇ ಮಾಡಿದ್ದಲ್ಲಿ, ಇಲ್ಲವೇ ವಿಮೆ ಜಾರಿಗೆ ಬರುವ ಮೊದಲೇ ಅದು ಆಗಿದ್ದಲ್ಲಿ, ಈ ಷರತ್ತು ಪರಿಹಾರದಿಂದ ಹೊರಗಿಡುತ್ತದೆ. ಕಾರ್ಖಾನೆಯೊಳಗೇ ಪ್ಯಾಕ್ ಮಾಡಿ ಲಾರಿಗೆ ಏರಿಸುವ ಸಣ್ಣ ಘಟಕಗಳ ಬಹುತೇಕ ಪ್ರಕರಣಗಳು ಈ ವ್ಯಾಪ್ತಿಗೆ ಬರುತ್ತವೆ. ಆದುದರಿಂದ ಪ್ಯಾಕಿಂಗ್ ಮಾಡುವ ಪ್ರತಿ ಹಂತದ ಛಾಯಾಚಿತ್ರಗಳನ್ನು ದಿನಾಂಕ ಸಹಿತ ತೆಗೆದಿಟ್ಟುಕೊಳ್ಳುವುದು ಸೂಕ್ತ. ಪೆಟ್ಟಿಗೆ ಮುಚ್ಚಿದ ಮೇಲೆ ಒಳಗಿನ ಬೋಲ್ಟ್‌ಗಳನ್ನು ಯಾರಿಗೂ ತೋರಿಸಲಾಗುವುದಿಲ್ಲ.

ಮರದ ಮೇಲಿನ ಮುದ್ರೆ

ಮರದಲ್ಲಿ ಅಡಗಿರುವ ಕೀಟಗಳು ಒಂದು ದೇಶದಿಂದ ಇನ್ನೊಂದಕ್ಕೆ ಹರಡುವುದನ್ನು ತಡೆಯಲು 2002ರಲ್ಲಿ ಐಎಸ್‌ಪಿಎಂ-15 ಎಂಬ ಅಂತರರಾಷ್ಟ್ರೀಯ ಮಾನದಂಡವನ್ನು ಅಂಗೀಕರಿಸಲಾಯಿತು. ಇದರನ್ವಯ ಪ್ಯಾಕಿಂಗ್‌ಗೆ ಬಳಸುವ ಹಸಿ ಮರವನ್ನು ಅದರ ತಿರುಳಿನಲ್ಲಿ ಸತತ 30 ನಿಮಿಷ 56 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬರುವಂತೆ ಕಾಯಿಸಬೇಕು, ಅಥವಾ ಮೀಥೈಲ್ ಬ್ರೋಮೈಡ್ ಅನಿಲದಿಂದ ಫ್ಯೂಮಿಗೇಷನ್ ಮಾಡಬೇಕು. 20 ಸೆಂ.ಮೀ.ಗಿಂತ ದಪ್ಪದ ತೊಲೆಗಳಿಗೆ ಈ ಅನಿಲದ ವಿಧಾನವನ್ನು ಬಳಸುವಂತಿಲ್ಲ. ಭಾರಿ ಯಂತ್ರಗಳ ತಳದ ತೊಲೆಗಳಿಗೆ ಮರ ಕೊಳ್ಳುವಾಗ ಈ ಅಂಶವನ್ನು ಗಮನಿಸತಕ್ಕದ್ದು. ಪ್ಲೈವುಡ್ ಹಾಗೂ 6 ಮಿ.ಮೀ. ಅಥವಾ ಅದಕ್ಕಿಂತ ತೆಳುವಾದ ಮರಕ್ಕೆ ಈ ನಿಯಮ ಅನ್ವಯಿಸುವುದಿಲ್ಲ.

ಉಪಚಾರ ಪಡೆದ ಮರದ ಮೇಲೆ ಗೋಧಿ ತೆನೆಯ ಚಿಹ್ನೆ, ದೇಶದ ಸಂಕೇತವಾದ ‘ಐಎನ್’, ಉಪಚಾರ ಮಾಡಿದ ಸಂಸ್ಥೆಯ ಸಂಖ್ಯೆ ಮತ್ತು ವಿಧಾನದ ಸಂಕೇತ ‘ಎಚ್‌ಟಿ’ ಅಥವಾ ‘ಎಂಬಿ’ ಒಳಗೊಂಡ ಮುದ್ರೆ ಇರಬೇಕು. ಸಾಧ್ಯವಾದಷ್ಟು ಎದುರುಬದುರಾದ ಎರಡು ಬದಿಗಳಲ್ಲಿ ಹಾಕಿಸುವುದು ಒಳ್ಳೆಯದು. ಕೆಂಪು ಹಾಗೂ ಕಿತ್ತಳೆ ಬಣ್ಣಗಳು ಅಪಾಯಕಾರಿ ಸರಕಿನ ಲೇಬಲ್‌ಗಳಿಗೆ ಬಳಕೆಯಾಗುವುದರಿಂದ ಮುದ್ರೆಗೆ ಅವನ್ನು ತಪ್ಪಿಸಬೇಕು.

ತೊಂದರೆ ಬರುವುದು ಸಾಮಾನ್ಯವಾಗಿ ಕೊನೆಯ ಗಳಿಗೆಯಲ್ಲಿ. ಮುದ್ರೆ ಇರುವ ಪೆಟ್ಟಿಗೆಯ ಒಂದು ಹಲಗೆ ಸೀಳುತ್ತದೆ. ಬಡಗಿಯು ಕಾರ್ಖಾನೆಯ ಮೂಲೆಯಲ್ಲಿದ್ದ ಬೇರೊಂದು ಹಲಗೆಯನ್ನು ಹೊಡೆದುಬಿಡುತ್ತಾನೆ. ಅಥವಾ ಕಂಟೇನರ್‌ನೊಳಗೆ ಪೆಟ್ಟಿಗೆ ಸರಿಯದಂತೆ ಯಾವುದೋ ಮರದ ತುಂಡನ್ನು ಒತ್ತಾಗಿ ಕೊಡಲಾಗುತ್ತದೆ. ಆ ಒಂದು ತುಂಡಿನಿಂದಾಗಿ ಇಡೀ ಸರಕನ್ನು ಆಮದು ದೇಶದ ಅಧಿಕಾರಿಗಳು ತಡೆಹಿಡಿಯಬಹುದು, ರಫ್ತುದಾರರ ಅಥವಾ ಗ್ರಾಹಕರ ಖರ್ಚಿನಲ್ಲಿ ಉಪಚಾರ ಮಾಡಿಸಬಹುದು, ಇಲ್ಲವೇ ಹಿಂದಕ್ಕೆ ಕಳುಹಿಸಲು ಆದೇಶಿಸಬಹುದು. ದುರಸ್ತಿಗೆ ಬಳಸುವ ಹಲಗೆಗೂ, ಒತ್ತು ಮರಕ್ಕೂ ಮುದ್ರೆ ಕಡ್ಡಾಯ. ಪೆಟ್ಟಿಗೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬದಲಾಯಿಸಿದಲ್ಲಿ ಹಳೆಯ ಮುದ್ರೆಗಳನ್ನು ಅಳಿಸಿ ಪೂರ್ತಿ ಹೊಸದಾಗಿ ಉಪಚಾರ ಮಾಡಿಸಬೇಕಾಗುತ್ತದೆ.

ತೇವಾಂಶ ಮತ್ತು ತುಕ್ಕು

‘ಎಚ್‌ಟಿ’ ಮುದ್ರೆ ಇರುವ ಮರ ಒಣಗಿದ ಮರ ಎಂದು ಭಾವಿಸಬಾರದು. ಆ ಉಪಚಾರ ಕೀಟವನ್ನು ಕೊಲ್ಲುವುದಕ್ಕಾಗಿ ಮಾತ್ರ. ಮರದೊಳಗಿನ ನೀರು ಬಹುಮಟ್ಟಿಗೆ ಹಾಗೆಯೇ ಉಳಿದಿರಬಹುದು. ಹಗಲು ಬಿಸಿಲಿಗೆ ಕಾಯ್ದ ಕಂಟೇನರ್‌ನಲ್ಲಿ ಈ ನೀರು ಆವಿಯಾಗಿ, ರಾತ್ರಿ ತಣ್ಣಗಾದ ಉಕ್ಕಿನ ಛಾವಣಿಯಲ್ಲಿ ಹನಿಗಟ್ಟಿ ಸರಕಿನ ಮೇಲೆ ತೊಟ್ಟಿಕ್ಕುತ್ತದೆ. ಚೆನ್ನಾಗಿ ಮುಚ್ಚಿದ ಪೆಟ್ಟಿಗೆಯೊಳಗೆ ಯಂತ್ರ ತುಕ್ಕು ಹಿಡಿದು ತಲುಪುವುದಕ್ಕೆ ಮಳೆಗಿಂತ ಇದೇ ಹೆಚ್ಚಾಗಿ ಕಾರಣ.

ಯಂತ್ರದ ತೆರೆದ ಲೋಹದ ಭಾಗಗಳಿಗೆ ತುಕ್ಕು ನಿರೋಧಕ ಎಣ್ಣೆ ಹಚ್ಚಿ, ಅಲ್ಯೂಮಿನಿಯಂ ಪದರವಿರುವ ತೇವ ನಿರೋಧಕ ಹಾಳೆಯಿಂದ ಸುತ್ತಿ, ಒಳಗೆ ಸಿಲಿಕಾ ಜೆಲ್‌ನಂತಹ ತೇವ ಹೀರುವ ಚೀಲಗಳನ್ನಿರಿಸಿ, ಗಾಳಿ ಹೊರತೆಗೆದು ಅಂಚುಗಳನ್ನು ಬಿಸಿಮಾಡಿ ಮುಚ್ಚುವುದು ವಾಡಿಕೆಯ ವಿಧಾನ. ಹಾಳೆ ಮುಚ್ಚದೆ ಬರಿಯ ಚೀಲಗಳನ್ನು ಪೆಟ್ಟಿಗೆಯಲ್ಲಿ ಎಸೆದರೆ ಅವು ಹೊರಗಿನ ಗಾಳಿಯ ತೇವವನ್ನೇ ಹೀರಿ ಬೇಗನೆ ತುಂಬಿಹೋಗುತ್ತವೆ. ಹಾಗೆಯೇ ಹಾಳೆಯ ಒಳಗೆ ಮರದ ತುಂಡುಗಳನ್ನು ಆದಷ್ಟು ಇರಿಸಬಾರದು. ಇದು ಚಿಕ್ಕ ವಿಷಯವೆಂದು ತೋರಬಹುದು, ಆದರೆ ಒಂದು ಹಸಿ ಮರದ ಅಡೆ ಹಲವು ಚೀಲಗಳ ಕೆಲಸವನ್ನು ವ್ಯರ್ಥಗೊಳಿಸಬಲ್ಲದು.

ಆಘಾತ ಮತ್ತು ತಳ

ಪೆಟ್ಟಿಗೆಯ ಗೋಡೆಗಳು ಯಂತ್ರವನ್ನು ಹೊರುವುದಿಲ್ಲ, ಹೊರುವುದು ತಳ. ಯಂತ್ರವನ್ನು ಅದರ ಅಡಿಪಾಯದ ರಂಧ್ರಗಳ ಮೂಲಕವೇ ತಳದ ತೊಲೆಗಳಿಗೆ ಬೋಲ್ಟ್ ಹಾಕಿ ಬಿಗಿಗೊಳಿಸಬೇಕು. ಜಾರು ಪಟ್ಟಿಗಳ ಮೇಲೆ ಬೆಲ್ಟ್ ಬಿಗಿಯುವುದು ನಿಖರತೆಗೆ ಹಾನಿಕರ. ಚಲಿಸುವ ಭಾಗಗಳನ್ನು ತಯಾರಕರು ಒದಗಿಸುವ ಸಾಗಣೆ ಬಂಧಕಗಳಿಂದ ಲಾಕ್ ಮಾಡಿ, ಅವುಗಳನ್ನು ತೆಗೆಯುವ ಸೂಚನೆಯನ್ನು ಪೆಟ್ಟಿಗೆಯ ಹೊರಗಡೆಯೇ ಲಗತ್ತಿಸಬೇಕು. ಫೋಮ್ ಹೆಚ್ಚು ಮೃದುವಾದಷ್ಟೂ ಒಳ್ಳೆಯದೆಂಬುದು ತಪ್ಪು; ಭಾರಕ್ಕೆ ಸೂಕ್ತವಲ್ಲದ ಮೃದು ಫೋಮ್ ಪೂರ್ತಿ ಚಪ್ಪಟೆಯಾಗಿ, ಆಘಾತ ನೇರವಾಗಿ ಯಂತ್ರಕ್ಕೆ ತಲುಪುತ್ತದೆ.

ಕಂಟೇನರ್‌ಗಳ ಭರ್ತಿ ಕುರಿತ 2014ರ ಅಂತರರಾಷ್ಟ್ರೀಯ ಸಿಟಿಯು ಸಂಹಿತೆಯ ಪ್ರಕಾರ, ತೀವ್ರ ಅಲೆಗಳುಳ್ಳ ಸಮುದ್ರಗಳಲ್ಲಿ ಸರಕಿನ ತೂಕದ ಶೇ. 80ರಷ್ಟು ಬಲ ಅಡ್ಡಲಾಗಿ ಉಂಟಾಗಬಹುದೆಂದು ಲೆಕ್ಕಿಸಬೇಕು. 5 ಟನ್ ಯಂತ್ರಕ್ಕೆ ಅದು 4 ಟನ್‌ಗೆ ಸಮ. ಕಟ್ಟುವ ವ್ಯವಸ್ಥೆಯನ್ನು ಇದಕ್ಕೆ ತಕ್ಕಂತೆ ಯೋಜಿಸಬೇಕು.

ಗುರುತು, ತೂಕ ಮತ್ತು ಸ್ವೀಕೃತಿ

ಮೇಲ್ಮುಖ ಬಾಣಗಳು, ಕೊಡೆ, ಗಾಜಿನ ಲೋಟ, ಗುರುತ್ವ ಕೇಂದ್ರ ಮತ್ತು ಹಗ್ಗ ಹಾಕುವ ಸ್ಥಳದ ಚಿಹ್ನೆಗಳನ್ನು ಐಎಸ್‌ಒ 780ರಂತೆ ಹಾಕಿಸಬೇಕು. ಯಂತ್ರದ ಭಾರ ಒಂದು ಬದಿಗೆ ಹೆಚ್ಚಿದ್ದಲ್ಲಿ ಗುರುತ್ವ ಕೇಂದ್ರದ ಚಿಹ್ನೆ ಅತಿ ಮುಖ್ಯ; ಅದಿಲ್ಲದೆ ಫೋರ್ಕ್‌ಲಿಫ್ಟ್ ಚಾಲಕ ಪೆಟ್ಟಿಗೆಯ ನಡುವನ್ನೇ ಹುಡುಕುತ್ತಾನೆ. 2016ರ ಜುಲೈ 1ರಿಂದ ಭರ್ತಿಯಾದ ಕಂಟೇನರ್‌ನ ದೃಢೀಕೃತ ಒಟ್ಟು ತೂಕವನ್ನು ಘೋಷಿಸುವುದು ಕಡ್ಡಾಯವಾಗಿದೆ. ಪೆಟ್ಟಿಗೆ ಮತ್ತು ಒತ್ತು ಮರದ ತೂಕವೂ ಇದರಲ್ಲಿ ಸೇರಬೇಕು.

ಆಘಾತ ಮತ್ತು ವಾಲಿಕೆ ಸೂಚಕಗಳನ್ನು ಹೊರಗೆ ಅಂಟಿಸಿದರೆ ಯಂತ್ರಕ್ಕೆ ರಕ್ಷಣೆಯಾಗದು, ಆದರೆ ಪುರಾವೆ ದೊರೆಯುತ್ತದೆ. ಸೂಚಕ ಬಣ್ಣ ಬದಲಿಸಿದ್ದಲ್ಲಿ ಗ್ರಾಹಕರು ಸರಕು ಸ್ವೀಕೃತಿ ಪತ್ರದ ಮೇಲೆಯೇ ಅದನ್ನು ನಮೂದಿಸುವಂತೆ ಮುಂಚಿತವಾಗಿ ತಿಳಿಸತಕ್ಕದ್ದು. ಹೇಗ್ ನಿಯಮಗಳಂತೆ, ಮೇಲ್ನೋಟಕ್ಕೆ ಕಾಣದ ಹಾನಿಯ ಬಗ್ಗೆ ಸರಕು ವಿತರಣೆಯಾದ 3 ದಿನಗಳೊಳಗೆ ಹಡಗು ಸಾಗಣೆದಾರರಿಗೆ ಲಿಖಿತ ಸೂಚನೆ ನೀಡಬೇಕು. ಮೊಕದ್ದಮೆ ಹೂಡಲು 1 ವರ್ಷದ ಮಿತಿ ಇರುತ್ತದೆ.

ಮರದ ಉಪಚಾರವನ್ನು ಕೇಂದ್ರ ಸರ್ಕಾರದ ಸಸ್ಯ ಸಂರಕ್ಷಣೆ, ಸಂಪರ್ಕನಿಷೇಧ ಮತ್ತು ಸಂಗ್ರಹಣೆ ನಿರ್ದೇಶನಾಲಯದಿಂದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಮಾತ್ರ ಮಾಡಿಸಬೇಕು. ಸಂಸ್ಥೆಯ ಮಾನ್ಯತೆ ಚಾಲ್ತಿಯಲ್ಲಿದೆಯೇ ಎಂದು ಖಚಿತಪಡಿಸಿಕೊಂಡು, ಉಪಚಾರ ಪ್ರಮಾಣಪತ್ರದಲ್ಲಿರುವ ಸಂಖ್ಯೆಯನ್ನು ಮರದ ಮೇಲಿನ ಮುದ್ರೆಯೊಂದಿಗೆ ಹೋಲಿಸಿ ನೋಡಿದ ನಂತರವೇ ಪೆಟ್ಟಿಗೆಯನ್ನು ಲಾರಿಗೆ ಏರಿಸಬೇಕು. ರಫ್ತು ಸಂಬಂಧಿತ ಮಾರ್ಗದರ್ಶನಕ್ಕೆ ಆಯಾ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಅಥವಾ ಬೆಂಗಳೂರಿನ ವಿಶ್ವೇಶ್ವರಯ್ಯ ವಾಣಿಜ್ಯ ಉತ್ತೇಜನ ಕೇಂದ್ರವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಭೇಟಿಯ ವೇಳೆ ಯಂತ್ರದ ಅಳತೆ, ತೂಕ, ತಲುಪಬೇಕಾದ ದೇಶ ಮತ್ತು ಗ್ರಾಹಕರೊಂದಿಗಿನ ಒಪ್ಪಂದದ ಪ್ರತಿಯನ್ನು ಜೊತೆಯಲ್ಲಿ ತರುವುದು.