ಪರದೆಯ ಮೇಲಿನ ಹುಸಿ ಎಚ್ಚರಿಕೆ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯ ಮಿತ್ರರು ಕೇಳಿದಾಗ, ಹಳೆಯ ನೆನಪುಗಳನ್ನೇ ಬರೆಯೋಣವೆಂದುಕೊಂಡಿದ್ದೆ. ಆದರೆ ಕಳೆದ ಮಳೆಗಾಲದಲ್ಲಿ ನನಗೊದಗಿದ ಒಂದು ಅನುಭವವು, ನನ್ನಂತೆ ನಿವೃತ್ತಿವೇತನವನ್ನೇ ನಂಬಿ ಬಾಳುವ ಹಿರಿಯರಿಗೂ ಅವರ ಮಕ್ಕಳಿಗೂ ಹೆಚ್ಚು ಉಪಯೋಗಕ್ಕೆ ಬಂದೀತೆಂದು ತೋರಿದ್ದರಿಂದ ಅದನ್ನೇ ಇಲ್ಲಿ ನಿವೇದಿಸುತ್ತಿದ್ದೇನೆ.

ಮಗನು ಮನೆಯಲ್ಲಿ ಬಿಟ್ಟುಹೋಗಿರುವ ಕಂಪ್ಯೂಟರಿನಲ್ಲಿ ಒಂದು ಮಧ್ಯಾಹ್ನ ಯಕ್ಷಗಾನ ಪ್ರಸಂಗವೊಂದರ ಪಠ್ಯವನ್ನು ಹುಡುಕುತ್ತಿದ್ದೆ. ಒಂದೆಡೆ ಒತ್ತಿದೊಡನೆ ಪರದೆಯೆಲ್ಲ ಕೆಂಪಾಗಿ, ಅಪಾಯದ ಗಂಟೆಯಂತಹ ಸದ್ದು ಮೊಳಗಿತು. ಹೆಂಗಸೊಬ್ಬಳ ಧ್ವನಿಯು ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಎಚ್ಚರಿಸತೊಡಗಿತು: ನಿಮ್ಮ ವಿಂಡೋಸಿಗೆ ವೈರಸ್ ತಗಲಿದೆ; ಬ್ಯಾಂಕಿನ ವಿವರಗಳು ಕಳವಾಗುತ್ತಿವೆ; ಯಂತ್ರವನ್ನು ಆರಿಸಬೇಡಿ; ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ. ಮೂಲೆಯಲ್ಲಿ ಮೈಕ್ರೋಸಾಫ್ಟ್ ಕಂಪೆನಿಯ ಲಾಂಛನವೂ ಇತ್ತು. ಹೆದರಿದ ನಾನು ಕರೆ ಮಾಡಿಯೇಬಿಟ್ಟೆ. ಆ ಕಡೆಯಿಂದ ಬಲು ವಿನಯದಿಂದ ಮಾತನಾಡಿದ ವ್ಯಕ್ತಿಯು ಒಂದು ತಂತ್ರಾಂಶವನ್ನು ಇಳಿಸಿಕೊಳ್ಳುವಂತೆ ಹೇಳಿ, ಅದರಲ್ಲಿ ಕಾಣುವ ಅಂಕೆಗಳನ್ನು ಓದಿ ಹೇಳೆಂದನು. ನಾನು ಕನ್ನಡಕ ಸರಿಪಡಿಸಿಕೊಂಡು ಓದಲು ಹೊರಟಾಗಲೇ, ನಮ್ಮ ಶಾಲೆಯಲ್ಲಿ ಒಂಬತ್ತನೆಯ ತರಗತಿಯಲ್ಲಿ ಕಲಿಯುತ್ತಿರುವ ಮೊಮ್ಮಗಳು ಮನೆಗೆ ಬಂದಳು. ಪರದೆಯನ್ನು ಕಂಡವಳೇ ಫೋನನ್ನು ಕಸಿದು ಕರೆಯನ್ನು ತುಂಡರಿಸಿದಳು.

"ಅಜ್ಜ, ಇದು ವೈರಸ್ ಅಲ್ಲ, ಬರೇ ಒಂದು ಪುಟ. ನಮ್ಮ ಶಾಲೆಯ ಕಂಪ್ಯೂಟರಿನಲ್ಲಿಯೂ ಒಮ್ಮೆ ಹೀಗೆಯೇ ಬಂದಿತ್ತು. ನಿಮ್ಮ ವಿಂಡೋಸ್ ಹಾಳಾಗಿದೆ ಎಂದು ಬೊಬ್ಬೆ ಹಾಕಿತು. ಅದರಲ್ಲಿ ವಿಂಡೋಸೇ ಇಲ್ಲವಲ್ಲ!" ಎಂದು ನಕ್ಕಳು.

ಅವಳ ಮಾತಿನಲ್ಲಿ ಇಡೀ ಮೋಸದ ಗುಟ್ಟು ಅಡಗಿದೆ. ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳ ಗಣಕ ಶಿಕ್ಷಣವು ಲಿನಕ್ಸ್ ಎಂಬ ಸ್ವತಂತ್ರ ತಂತ್ರಾಂಶದಿಂದ ನಡೆಯುತ್ತದೆ. 2018ರಲ್ಲಿ ಪ್ರೌಢಶಾಲೆಗಳಲ್ಲಿ ಆರಂಭವಾದ 'ಲಿಟಲ್ ಕೈಟ್ಸ್' ಸಂಘದ ಸದಸ್ಯೆಯಾದ ಅವಳಿಗೆ ಇದು ತಿಳಿದಿತ್ತು. ಯಂತ್ರದಲ್ಲಿ ಇಲ್ಲದ ವಸ್ತುವು ಕೆಟ್ಟಿದೆಯೆಂದು ಹೇಳುವ ಎಚ್ಚರಿಕೆಯು ಯಂತ್ರವನ್ನು ಪರೀಕ್ಷಿಸಿ ಬಂದುದಲ್ಲ. ಗೋಡೆಗೆ ಅಂಟಿಸಿದ ಭಿತ್ತಿಪತ್ರದಂತೆ ಮೊದಲೇ ಸಿದ್ಧಪಡಿಸಿಟ್ಟ ಚಿತ್ರ ಮಾತ್ರ. ಪರದೆಯನ್ನು ಪೂರ್ತಿಯಾಗಿ ಆವರಿಸಿ, ಮುಚ್ಚುವ ಗುರುತನ್ನು ಮರೆಮಾಡುವುದರಿಂದ ಯಂತ್ರವೇ ಸ್ತಬ್ಧವಾದಂತೆ ಭ್ರಮೆಯಾಗುತ್ತದೆ.

ನಿಜವಾದ ಅಪಾಯ ಆರಂಭವಾಗುವುದು ಕರೆ ಮಾಡಿದ ಮೇಲೆ. ಎನಿಡೆಸ್ಕ್, ಟೀಮ್‌ವ್ಯೂವರ್ ಮುಂತಾದವು ದೂರದಿಂದ ಯಂತ್ರವನ್ನು ನಡೆಸಲು ನೆರವಾಗುವ ತಂತ್ರಾಂಶಗಳು. ತಮ್ಮಷ್ಟಕ್ಕೆ ಅವು ಕೆಟ್ಟವಲ್ಲ. ಆದರೆ ಅವುಗಳ ಅಂಕೆಗಳನ್ನು ಅಪರಿಚಿತನಿಗೆ ಹೇಳಿ ಅನುಮತಿ ಕೊಡುವುದೆಂದರೆ ಮನೆಯ ಬೀಗದ ಕೈಯನ್ನೇ ಒಪ್ಪಿಸಿದಂತೆ. ಬಳಿಕ ಆತನು 'ಈವೆಂಟ್ ವ್ಯೂವರ್' ಎಂಬ ದಿನಚರಿಯನ್ನು ತೆರೆದು ಅದರಲ್ಲಿರುವ ಕೆಂಪು, ಹಳದಿ ಗುರುತುಗಳನ್ನು ತೋರಿಸುತ್ತಾನೆ. ಸುಸ್ಥಿತಿಯಲ್ಲಿರುವ ಯಂತ್ರದಲ್ಲಿಯೂ ಅಂತಹ ಗುರುತುಗಳು ಇದ್ದೇ ಇರುತ್ತವೆ. ಅವುಗಳಿಂದ ನಮ್ಮನ್ನು ಹೆದರಿಸಿ ದುರಸ್ತಿಯ ಶುಲ್ಕ ಕೇಳುತ್ತಾನೆ. ಇಲ್ಲವೇ ಬ್ಯಾಂಕಿನ ಖಾತೆಯನ್ನು ತೆರೆಯಿಸಿ ಹಣವನ್ನು ಸಾಗಿಸುತ್ತಾನೆ.

ಇದು ಒಬ್ಬಿಬ್ಬರ ಕೃತ್ಯವಲ್ಲ. 2023ರ ಅಕ್ಟೋಬರಿನಲ್ಲಿ ಸಿಬಿಐ 'ಆಪರೇಷನ್ ಚಕ್ರ-2' ಕಾರ್ಯಾಚರಣೆಯಲ್ಲಿ ದೇಶದ 76 ಸ್ಥಳಗಳನ್ನು ಶೋಧಿಸಿತು. ಮೈಕ್ರೋಸಾಫ್ಟ್, ಅಮೆಜಾನ್ ಕಂಪೆನಿಗಳ ಸಹಾಯಕರೆಂದು ನಟಿಸಿ ವಿದೇಶೀಯರನ್ನು ವಂಚಿಸುತ್ತಿದ್ದ ಕಾಲ್ ಸೆಂಟರುಗಳೂ ಆಗ ಬೆಳಕಿಗೆ ಬಂದವು.

ಗುರುತಿಸುವ ಬಗೆ ಸರಳ. ಮೈಕ್ರೋಸಾಫ್ಟಿನ ನಿಜವಾದ ದೋಷಸೂಚನೆಗಳಲ್ಲಿ ದೂರವಾಣಿ ಸಂಖ್ಯೆ ಇರುವುದಿಲ್ಲ. ಎಚ್ಚರಿಕೆಯೊಡನೆ ಸಂಖ್ಯೆ ಕಂಡರೆ ಅದು ಮೋಸ, ಕರೆ ಮಾಡಕೂಡದು. ಪುಟದೊಳಗಿನ ಯಾವ ಗುಂಡಿಯನ್ನೂ ಒತ್ತಕೂಡದು. 'ಎಸ್ಕೇಪ್' ಕೀಲಿಯನ್ನು ಕೆಲವು ಕ್ಷಣ ಒತ್ತಿ ಹಿಡಿದರೆ ಮುಚ್ಚುವ ಗುರುತು ಕಾಣಿಸಿಕೊಳ್ಳುವುದುಂಟು. ಆಗದಿದ್ದರೆ 'ಆಲ್ಟ್' ಮತ್ತು 'ಎಫ್4' ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಅದಕ್ಕೂ ಜಗ್ಗದಿದ್ದರೆ ಯಂತ್ರವನ್ನೇ ಆರಿಸಿಬಿಡಿ. ಮತ್ತೆ ತೆರೆದಾಗ ಹಿಂದಿನ ಪುಟಗಳನ್ನು ಮರಳಿ ತರಬೇಕೇ ಎಂದು ಕೇಳಿದರೆ ಬೇಡವೆನ್ನಿ.

ಈಗಾಗಲೇ ಅನುಮತಿ ಕೊಟ್ಟಾಗಿದ್ದರೆ ಮೊದಲು ಅಂತರ್ಜಾಲ ಸಂಪರ್ಕವನ್ನು ಕಡಿಯಿರಿ. ಬ್ಯಾಂಕಿಗೆ ತಿಳಿಸಿ ಖಾತೆಯ ವ್ಯವಹಾರವನ್ನು ತಡೆಹಿಡಿಸಿರಿ. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿಗೆ ದೂರು ಕೊಡಿ; ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲಿಯೇ ತಡೆಯುವ ಸಾಧ್ಯತೆ ಹೆಚ್ಚು. ಗುಪ್ತಪದಗಳನ್ನು ಬೇರೊಂದು ಯಂತ್ರದಿಂದ ಬದಲಾಯಿಸಿರಿ. ಆ ತಂತ್ರಾಂಶವನ್ನು ತಿಳಿದವರಿಂದ ತೆಗೆಸಿದ ಮೇಲೆಯೇ ಹಳೆಯ ಯಂತ್ರವನ್ನು ಬಳಸಿರಿ.

ಇಷ್ಟು ವರ್ಷ ಪಾಠ ಹೇಳಿದ ನಾನು ಏಕೆ ಮೋಸಹೋಗಲಿದ್ದೆನೆಂದು ಬಹಳ ದಿನ ಆಲೋಚಿಸಿದೆ. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಇಂಗ್ಲಿಷಿನ ಗಡಸು ಧ್ವನಿ ಇಂದಿಗೂ ಅಧಿಕಾರದ ಧ್ವನಿಯಾಗಿ ಕೇಳಿಸುತ್ತದೆ. ಗಡಿನಾಡಿನಲ್ಲಿರುವ ನಮಗೆ ಕಚೇರಿಗಳಿಂದ ಬರುವ ಕಾಗದಪತ್ರಗಳು ಎಷ್ಟೋ ವೇಳೆ ನಮ್ಮದಲ್ಲದ ಭಾಷೆಯಲ್ಲಿರುತ್ತವೆ. ಅರ್ಥವಾಗದಿದ್ದರೂ ತೋರಿಸಿದಲ್ಲಿ ರುಜು ಹಾಕಿ ಅಭ್ಯಾಸವಾಗಿದೆ. ಆ ಅಭ್ಯಾಸವೇ ಅಂದು ನನ್ನ ಕೈಯಿಂದ ಕರೆ ಮಾಡಿಸಿತು. ಅರ್ಥವಾಗದ್ದನ್ನು ಇನ್ನೊಬ್ಬರಲ್ಲಿ ಕೇಳಿ ತಿಳಿದುಕೊಳ್ಳಿ ಎಂದು ತರಗತಿಯಲ್ಲಿ ನಾನೇ ಹೇಳುತ್ತಿದ್ದೆ, ಪಾಲಿಸಲಿಲ್ಲ.

ಮೋಸಗಾರನಿಗೆ ಭಯವು ಮೊದಲ ಆಯುಧವಾದರೆ ನಮ್ಮ ನಾಚಿಕೆಯೇ ಎರಡನೆಯದು. ಮಕ್ಕಳು ನಕ್ಕಾರೆಂದು ಹಿರಿಯರು ಮುಚ್ಚಿಟ್ಟಷ್ಟೂ ಅವನಿಗೆ ಕಾಲಾವಕಾಶ ದೊರೆಯುತ್ತದೆ. ಆದುದರಿಂದಲೇ ಸಂಕೋಚ ತೊರೆದು ಇದನ್ನು ಬರೆದಿದ್ದೇನೆ. ಮಕ್ಕಳೇ, ಮನೆಯ ಹಿರಿಯರು ಇಂತಹುದನ್ನು ಹೇಳಿಕೊಂಡರೆ ಗದರಿಸಬೇಡಿ.

ನಾವು ಕಲಿಸಿದ ಶಾಲೆಯಲ್ಲಿ ಕಲಿತ ಮಗುವೊಂದು ನಮಗೆ ಪಾಠ ಹೇಳುವಂತಾದುದು ಐವತ್ತು ವರ್ಷಗಳ ದುಡಿಮೆಯ ಫಲವೆಂದೇ ಭಾವಿಸುತ್ತೇನೆ. ಶಾಲೆಯು ಶತಮಾನೋತ್ಸವವನ್ನು ಕಾಣಲೆಂದು ಹಾರೈಸಿ ವಿರಮಿಸುತ್ತೇನೆ.